ಒಂದು ಮೀನು, ಒಂದು ಸಹಿ

ಸ್ವಾತಂತ್ರ್ಯ ಅಂದ ತಕ್ಷಣ ನಮಗೆ ನೆನಪಾಗೋದು ಧ್ವಜ, ರಾಷ್ಟ್ರಗೀತೆ, ಮಧ್ಯರಾತ್ರಿಯ ಭಾಷಣ. ಆದರೆ ಕೆನಡಾ ತನ್ನ ವಿದೇಶಾಂಗ ನೀತಿಯನ್ನು ಬ್ರಿಟಿಷರ ಕೈಯಿಂದ ಬಿಡಿಸಿಕೊಂಡ ಕಥೆಯಲ್ಲಿ ಒಂದು ಮೀನಿಗೂ ಪಾಲಿದೆ. ತಮಾಷೆಯಲ್ಲ, ಇತಿಹಾಸ.

1867ರಲ್ಲೇ ಕೆನಡಾಕ್ಕೆ ಸ್ವಂತ ಸಂಸತ್ತು, ಸ್ವಂತ ಪ್ರಧಾನಿ ಬಂದಾಗಿತ್ತು. ಆದರೆ ಯುದ್ಧವೋ ಶಾಂತಿಯೋ ಅನ್ನೋದನ್ನು ತೀರ್ಮಾನ ಮಾಡ್ತಿದ್ದದ್ದು ಲಂಡನ್. ಬಲ್ಬು ನಮ್ಮನೇದು, ಸ್ವಿಚ್ಚು ಮಾತ್ರ ಪಕ್ಕದ ಮನೇಲಿ ಅಂದ್ರೆ ಹೇಗಿರುತ್ತೆ? ಹಾಗಿತ್ತು. 1914ರ ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಅಲ್ಲಿಗೆ ಕೆನಡಾ ಕೂಡ ಯುದ್ಧಕ್ಕೆ ಇಳಿದಂತೆಯೇ! ಎಷ್ಟು ಸೈನಿಕರನ್ನು ಕಳಿಸಬೇಕು ಅನ್ನೋದಷ್ಟೇ ಅವರ ಕೈಯಲ್ಲಿತ್ತು. ಸುಮಾರು 80 ಲಕ್ಷ ಜನರ ದೇಶ ಅದು. 60 ಸಾವಿರ ಸೈನಿಕರು ಮನೆಗೆ ವಾಪಸ್ ಬರಲಿಲ್ಲ.

ಆ ಲೆಕ್ಕವನ್ನು ಕೆನಡಾ ಮರೆಯಲಿಲ್ಲ. 1922ರಲ್ಲಿ ಟರ್ಕಿಯ ಚನಕ್‌ನಲ್ಲಿ ಬಿಕ್ಕಟ್ಟು ಎದ್ದಾಗ ಬ್ರಿಟನ್ ಮತ್ತೆ ಸೈನ್ಯ ಕೇಳಿತು. ಪ್ರಧಾನಿ ಮೆಕೆಂಝಿ ಕಿಂಗ್ ಕೂಗಾಡಲಿಲ್ಲ. ಇದನ್ನು ನಮ್ಮ ಸಂಸತ್ತು ತೀರ್ಮಾನಿಸಬೇಕು ಅಂದರು, ಅಷ್ಟೇ.

ಮರುವರ್ಷವೇ ಬಂತು ನೋಡಿ, ಆ ಮೀನು. ಪೆಸಿಫಿಕ್ ಸಾಗರದ ಹಾಲಿಬಟ್ ಮೀನನ್ನು ಮಿತಿಮೀರಿ ಹಿಡಿಯೋದನ್ನು ತಡೆಯಲು ಅಮೆರಿಕದ ಜತೆ ಒಪ್ಪಂದ ಆಗಬೇಕಿತ್ತು. ಕೆನಡಾದ ಇಂಥ ಒಪ್ಪಂದಕ್ಕೆ ಬ್ರಿಟಿಷ್ ರಾಯಭಾರಿಯೂ ಸಹಿ ಹಾಕೋದು ವಾಡಿಕೆ. ಕಿಂಗ್ ಬೇಡ ಅಂದರು. 1923ರ ಮಾರ್ಚ್ 2ರಂದು ವಾಷಿಂಗ್ಟನ್‌ನಲ್ಲಿ ಕೆನಡಾದ ಸಚಿವ ಅರ್ನೆಸ್ಟ್ ಲಪ್ವಾಂಟ್ ಒಬ್ಬರೇ ಸಹಿ ಹಾಕಿದರು. ವಿಷಯ ಸಣ್ಣದು, ಹಾಗಾಗಿ ಲಂಡನ್‌ಗೂ ಜಗಳ ಬೆಳೆಸೋದು ಕಷ್ಟ. ಆದರೆ ಒಮ್ಮೆ ನಡೆದದ್ದು ಮುಂದಿನ ಸಲಕ್ಕೆ ಪೂರ್ವನಿದರ್ಶನ. 1926ರ ಬಾಲ್ಫೋರ್ ಘೋಷಣೆ ಸಮಾನ ಸ್ಥಾನ ಒಪ್ಪಿತು. 1931ರ ವೆಸ್ಟ್‌ಮಿನ್‌ಸ್ಟರ್ ಶಾಸನ ಅದನ್ನೇ ಕಾನೂನು ಮಾಡಿತು.

ಇನ್ನು 1939ಕ್ಕೆ ಬನ್ನಿ. ಸೆಪ್ಟೆಂಬರ್ 3ಕ್ಕೆ ಬ್ರಿಟನ್ ಯುದ್ಧ ಸಾರಿತು. ಕೆನಡಾದ ಸಂಸತ್ತು ಸೇರಿತು, ಚರ್ಚೆ ಮಾಡಿತು, ಸೆಪ್ಟೆಂಬರ್ 10ಕ್ಕೆ ತಾನೇ ಯುದ್ಧ ಸಾರಿತು. ಮತ್ತೆ ಭಾರತ? 1919ರ ವರ್ಸೇಲ್ಸ್ ಒಪ್ಪಂದದಲ್ಲಿ ಭಾರತದ ಹೆಸರಿನಲ್ಲೂ ಸಹಿ ಇತ್ತು. ಆದರೂ ಸೆಪ್ಟೆಂಬರ್ 3ರಂದೇ ವೈಸರಾಯ್ ಲಿನ್ಲಿತ್‌ಗೋ ನಮ್ಮ ಯಾವ ನಾಯಕರನ್ನೂ ಕೇಳದೆ ಭಾರತ ಯುದ್ಧದಲ್ಲಿದೆ ಅಂತ ಘೋಷಿಸಿಬಿಟ್ಟರು. ಇದನ್ನು ಪ್ರತಿಭಟಿಸಿಯೇ ಕಾಂಗ್ರೆಸ್ಸಿನ ಪ್ರಾಂತೀಯ ಸರ್ಕಾರಗಳು ರಾಜೀನಾಮೆ ಕೊಟ್ಟಿದ್ದು.

ಕೊನೆಗೆ ಇಬ್ಬರೂ ಬ್ರಿಟನ್ ಪರವಾಗಿಯೇ ಹೋರಾಡಿದರಲ್ಲ, ಏನು ವ್ಯತ್ಯಾಸ ಅಂತ ನೀವು ಕೇಳಬಹುದು. ವ್ಯತ್ಯಾಸ ಇರೋದು ಆ ಏಳು ದಿನಗಳಲ್ಲಿ. ಸ್ವತಂತ್ರ ವಿದೇಶಾಂಗ ನೀತಿ ಅಂದ್ರೆ ದೊಡ್ಡ ದೇಶಗಳಿಗೆ ಸದಾ ಇಲ್ಲ ಅನ್ನೋದಲ್ಲ. ಹೂಂ ಅಂದರೂ, ಆ ಹೂಂ ನಮ್ಮ ಬಾಯಿಂದಲೇ ಬರಬೇಕು. ಮಗನನ್ನು ಯುದ್ಧಕ್ಕೆ ಕಳಿಸೋ ತಾಯಿಗೆ, ಕಳಿಸಿದವರು ಯಾರು ಅಂತ ಕೇಳೋ ಹಕ್ಕು ಇದ್ದೇ ಇದೆ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಆಕೆ ಮತ ಹಾಕಿ ಆರಿಸಿದವರೇ ಆಗಿರಬೇಕು.