ಹೇಳುವವರಿಗೆ ಬರವಿಲ್ಲ, ಕೇಳುವವರು ಬೇಕು

ಕಷ್ಟದಲ್ಲಿರುವವನಿಗೆ ಬುದ್ಧಿ ಹೇಳುವವರು ಹಾದಿಗೊಬ್ಬರು, ಬೀದಿಗೊಬ್ಬರು ಸಿಗುತ್ತಾರೆ. ಆತನ ಮಾತನ್ನು ಕೊನೆಯ ತನಕ ಕೇಳುವವರು ಊರಿಗೊಬ್ಬರು ದೊರೆತರೆ ಪುಣ್ಯವೇ ಸರಿ. ಆಪ್ತಸಮಾಲೋಚನೆಯೆಂಬ ವಿದ್ಯೆ ತುಂಬಲು ಹೊರಟಿರುವುದು ಈ ಕೊರತೆಯನ್ನೇ.

1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವಾರಾ ಎಂಬಾತ, ಬದುಕಿನಲ್ಲಿ ಬೇಸತ್ತವರಿಗೆ ನೆರವಾಗಲೆಂದು ದೂರವಾಣಿ ಸೇವೆಯೊಂದನ್ನು ಆರಂಭಿಸಿದ. ಆತನನ್ನು ಕಾಣಲು ಬಂದು ಹೊರಗೆ ಕಾದಿದ್ದವರಿಗೆ ಸ್ವಯಂಸೇವಕರು ಚಹಾ ಕೊಟ್ಟು, ಪಕ್ಕದಲ್ಲಿ ಕುಳಿತು ಅವರ ಮಾತು ಕೇಳುತ್ತಿದ್ದರು. ಎಷ್ಟೋ ಜನ ಅಷ್ಟರಿಂದಲೇ ಹಗುರಾಗಿ, ಪಾದ್ರಿಯನ್ನು ಕಾಣದೆಯೇ ಮನೆಗೆ ಮರಳಿದರು. ಕೇಳುವುದೇ ಒಂದು ಚಿಕಿತ್ಸೆಯೆಂಬುದು ಹೀಗೆ ಅನುಭವದಿಂದ ತಿಳಿಯಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅದೇ ಕಾಲದಲ್ಲಿ ಈ ತತ್ತ್ವಕ್ಕೆ ಶಾಸ್ತ್ರದ ರೂಪ ಕೊಟ್ಟರು.

ಈ ಮಾತು ಲಂಡನ್ನಿಗೆಷ್ಟೋ ಗದಗ ಜಿಲ್ಲೆಗೂ ಅಷ್ಟೇ ಸಲ್ಲುತ್ತದೆ. ರೋಣದ ಎರೆಹೊಲ ಮಳೆಯನ್ನು ನಂಬಿದೆ. ನರಗುಂದದ ಬದುಕು ಮಲಪ್ರಭೆಯ ಕಾಲುವೆಯನ್ನು ನೋಡುತ್ತದೆ. ಗಜೇಂದ್ರಗಡದ ನೇಕಾರನ ಗಂಜಿ ಕೈಮಗ್ಗದ ಸೀರೆಯ ಬೆಲೆಯನ್ನು ಅವಲಂಬಿಸಿದೆ. ಮಳೆ ಕೈಕೊಟ್ಟಾಗ, ಸಾಲ ಬೆಳೆದಾಗ, ಮಗ್ಗ ನಿಂತಾಗ ಮನೆಯ ಯಜಮಾನ ಮಾತು ಬಿಡುತ್ತಾನೆ. ಹಳ್ಳಿಗಳಿಗೂ ಮನೋವೈದ್ಯ ಸೇವೆ ಮುಟ್ಟಬೇಕೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದರೆ ಏರ್ಪಾಡು ಎಷ್ಟೇ ದೊಡ್ಡದಿರಲಿ, ಅದರ ಫಲ ನಿಂತಿರುವುದು ಎರಡು ಕುರ್ಚಿಗಳ ನಡುವಿನ ಮಾತಿನ ಮೇಲೆ.

ಹಳ್ಳಿಯ ರೈತನೊಬ್ಬ ಆಪ್ತಸಮಾಲೋಚಕಿಯ ಮುಂದೆ ಕುಳಿತಿದ್ದಾನೆಂದು ಭಾವಿಸಿರಿ. ಆತ ‘ಖಿನ್ನತೆ’ ಎಂಬ ಪದವನ್ನು ಬಳಸುವುದಿಲ್ಲ. “ಎದಿ ಮ್ಯಾಲ ಕಲ್ಲ ಇಟ್ಟಂಗ ಆಗೇತ್ರಿ ಅಕ್ಕಾರ, ರಾತ್ರಿ ನಿದ್ದಿ ಹತ್ತವಲ್ದು” ಎನ್ನುತ್ತಾನೆ. ಮನಸ್ಸಿನ ನೋವು ದೇಹದ ಭಾಷೆಯಲ್ಲಿ ಹೊರಬರುವುದು ನಮ್ಮಲ್ಲಿ ಸಾಮಾನ್ಯ. ದೇಹದ ರೋಗವಿದೆಯೇ ಎಂಬುದನ್ನು ವೈದ್ಯರಿಂದ ಪರೀಕ್ಷಿಸಬೇಕು, ನಿಜ. ಆದರೆ ಮಾತ್ರೆ ಬರೆಸಿ ಕಳುಹಿಸಿದರೆ ಆ ಕಲ್ಲು ಎದೆಯ ಮೇಲೆಯೇ ಉಳಿದೀತು.

“ಸಾಲ ಐತೇನ್ರಿ?” ಎಂದರೆ “ಹೂಂ” ಎಂಬ ಒಂದೇ ಉತ್ತರ. “ಮನ್ಯಾಗ ಹ್ಯಾಂಗ ನಡದೈತ್ರಿ ಕಾಕಾ?” ಎಂದರೆ ಮಾತಿಗೆ ಬಾಗಿಲು ತೆರೆಯುತ್ತದೆ. ಆತ ನಡುವೆ ಮೌನವಾದರೆ ಆ ಮೌನವನ್ನು ತುಂಬಲು ಅವಸರಿಸಬಾರದು. ಹೇಳಲಾಗದ ಮಾತು ಬಹುಶಃ ಅದರ ಹಿಂದೆಯೇ ಇರುತ್ತದೆ. ಕೇಳಿದ್ದನ್ನು ತನ್ನ ಮಾತಿನಲ್ಲಿ ಮರಳಿ ಹೇಳಿ ನೋಡಬೇಕು: “ಅಂದ್ರ, ಬೆಳಿ ಹೋದದ್ದಕ್ಕಿಂತ ಮಗಳ ಮದುವಿ ಮಾತು ಮುರದದ್ದು ನಿಮಗ ಹೆಚ್ಚು ಸಂಕಟ ಆಗೇತಿ, ಹೌದಲ್ರಿ?” ತಪ್ಪಿದ್ದರೆ ಆತನೇ ತಿದ್ದುತ್ತಾನೆ. ಸರಿಯಿದ್ದರೆ, ತನ್ನನ್ನು ಅರಿತವರು ಒಬ್ಬರಾದರೂ ಇದ್ದಾರೆಂಬ ಧೈರ್ಯ ಹುಟ್ಟುತ್ತದೆ.

“ಚಿಂತಿ ಮಾಡಬ್ಯಾಡ್ರಿ, ಎಲ್ಲಾ ಸರಿ ಆಕ್ಕೈತಿ” ಎಂಬುದು ಪ್ರೀತಿಯ ಮಾತೇ. ಆದರೆ ಕೇಳುವ ಮೊದಲೇ ಅದನ್ನು ಹೇಳಿದರೆ, “ನಿನ್ನ ಮಾತು ಇಲ್ಲಿಗೆ ಸಾಕು” ಎಂದಂತಾಗುತ್ತದೆ.

ಎಲ್ಲಕ್ಕಿಂತ ಕಠಿಣವಾದ ಘಳಿಗೆ ಇನ್ನೊಂದಿದೆ. ಹೊರಡಲು ಎದ್ದವನು ಬಾಗಿಲಲ್ಲಿ ನಿಂತು, “ಇನ್ನ ನನ್ನಿಂದ ಯಾರಿಗೂ ತ್ರಾಸ ಆಗೂದಿಲ್ಲ ಬಿಡ್ರಿ” ಎಂದರೆ, ಅದನ್ನು ಕೇಳಿಯೂ ಕೇಳದಂತೆ ಬಿಡಬಾರದು. ಆತನನ್ನು ಮರಳಿ ಕೂಡಿಸಿ, “ಜೀವ ಕಳಕೋಬೇಕು ಅನ್ನೋ ವಿಚಾರ ಬರ್ತೈತೇನ್ರಿ?” ಎಂದು ನೇರವಾಗಿಯೇ ಕೇಳಬೇಕು. ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತೆಂಬ ಭಯ ನಿರಾಧಾರವೆಂದು ಸಂಶೋಧನೆಗಳು ತೋರಿಸಿವೆ. ಹೌದೆಂದರೆ ಆತನನ್ನು ಒಂಟಿಯಾಗಿ ಬಿಡದೆ ಮನೆಯವರನ್ನು ಕರೆಸಬೇಕು. ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯಿಂದ ದೂರವಿಡಿಸಬೇಕು. ಅಂದೇ ವೈದ್ಯರ ಬಳಿಗೆ ಕಳುಹಿಸಬೇಕು.

ಸಣ್ಣ ಊರುಗಳಲ್ಲಿ ಗುಟ್ಟನ್ನು ಕಾಯುವುದೂ ಕೇಳುವುದರ ಒಂದು ಅಂಗ. ಬೆಳಗಿನ ಮಾತು ಸಂಜೆಗೆ ಸಂತೆಯಲ್ಲಿ ಕೇಳಿಬಂದರೆ ಮತ್ತಾರೂ ಬಾಯಿ ಬಿಡಲಾರರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ರೋಗಿಯ ಗೋಪ್ಯತೆಯನ್ನು ಹಕ್ಕೆಂದು ಒಪ್ಪಿದೆ. ಪ್ರಾಣಕ್ಕೆ ಅಪಾಯವಿದ್ದಾಗ ಮಾತ್ರ ಮನೆಯವರಿಗೆ ತಿಳಿಸಬೇಕಾಗುತ್ತದೆ. ಅದನ್ನು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ. ಸಾಯಲು ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದು ಭಾವಿಸಿ ಆತನಿಗೆ ಆರೈಕೆ ಕೊಡಬೇಕೆಂದೂ ಅದೇ ಕಾಯಿದೆ ಹೇಳುತ್ತದೆ.

ಅಕ್ಟೋಬರ್ 2022ರಿಂದ ‘ಟೆಲಿ ಮಾನಸ್’ ಎಂಬ ಸರಕಾರದ ಉಚಿತ ದೂರವಾಣಿ ಸೇವೆ ಹಗಲಿರುಳೂ ದೊರೆಯುತ್ತಿದೆ. ಸಂಖ್ಯೆ 14416, ಕನ್ನಡದಲ್ಲೇ ಮಾತನಾಡಬಹುದು. ಆದರೆ ಆ ಸಂಖ್ಯೆಯನ್ನು ಒತ್ತುವ ಮೊದಲು, ಬಳಲಿದ ಜೀವ ಒಮ್ಮೆ ತನ್ನವರ ಮುಖ ನೋಡುತ್ತದೆ. ಊಟದ ಹೊತ್ತಿನಲ್ಲಿ ತಟ್ಟೆಯ ಮುಂದೆ ಸುಮ್ಮನೆ ಕುಳಿತ ಮಗನನ್ನೋ ಮೈದುನನನ್ನೋ “ಯಾಕಪ್ಪಾ?” ಎಂದು ವಿಚಾರಿಸಿ, ಉತ್ತರ ಬರುವ ತನಕ ತಾಳ್ಮೆಯಿಂದ ಕಾಯುವುದಕ್ಕೆ ಯಾವ ಪದವಿಯೂ ಬೇಕಿಲ್ಲ.