ಕಂಪ್ಯೂಟರಿನೊಳಗೊಂದು ಕಂಪ್ಯೂಟರ್: ನಿಮಗಿದು ಗೊತ್ತೇ?

◆ ಒಂದೇ ಯಂತ್ರದೊಳಗೆ ಹಲವು ಕಂಪ್ಯೂಟರ್‌ಗಳನ್ನು ನಡೆಸುವ ವಿದ್ಯೆ ಕ್ಲೌಡ್ ಬಂದ ಮೇಲೆ ಹುಟ್ಟಿದ್ದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಕೇಂದ್ರದಲ್ಲಿ 1967ರ ಜನವರಿಯಲ್ಲೇ ಸಿಪಿ-40 ಎಂಬ ವ್ಯವಸ್ಥೆ ದಿನದ ಕೆಲಸಕ್ಕೆ ನಿಂತಿತ್ತು. ಯಂತ್ರ ಒಂದೇ, ಅದರೊಳಗೆ ಹದಿನಾಲ್ಕು ವರ್ಚುವಲ್ ಮಷೀನ್‌ಗಳು. ಹಳೆಯ ವಠಾರದ ಹಾಗೆ ಸೂರು ಒಂದು, ಒಲೆ ಹಲವು. ವಠಾರದಲ್ಲಿ ಪಕ್ಕದ ಮನೆಯ ಒಗ್ಗರಣೆಯ ಸದ್ದಾದರೂ ಕೇಳಿಸುತ್ತದೆ. ಇಲ್ಲಿ ಪಕ್ಕದಲ್ಲೊಂದು ಮನೆ ಇದೆ ಎಂಬುದೇ ಯಾರಿಗೂ ತಿಳಿಯಬಾರದು.

◆ ಆಗಲೂ ಹಾರ್ಡ್‌ವೇರಿನ ನೆರವಿಲ್ಲದೆ ಕೆಲಸ ಆಗಲಿಲ್ಲ. ಸಿಸ್ಟಂ/360 ಮಾಡೆಲ್ 40 ಯಂತ್ರಕ್ಕೆ ಮೆಮೊರಿ ವಿಳಾಸಗಳನ್ನು ಬದಲಿಸಿ ಕೊಡುವ ಶಕ್ತಿ ಇರಲಿಲ್ಲ. ಅದಕ್ಕೆಂದೇ ಒಂದು ಘಟಕವನ್ನು ರೂಪಿಸಿ ಯಂತ್ರಕ್ಕೆ ಜೋಡಿಸಿದರು. ಈ ದಾರಿಯಲ್ಲಿ ಬೆಳೆದ ವಿಎಂ/370 ಅನ್ನು ಐಬಿಎಂ 1972ರ ಆಗಸ್ಟ್ 2ರಂದು ಪ್ರಕಟಿಸಿತು.

◆ ವರ್ಚುವಲ್ ಮಷೀನ್‌ಗಳನ್ನು ನಡೆಸುವ ಸಾಫ್ಟ್‌ವೇರ್‌ಗೆ 'ಹೈಪರ್‌ವೈಸರ್' ಎಂಬ ಹೆಸರು ಎಲ್ಲಿಂದ ಬಂತು? ಆಪರೇಟಿಂಗ್ ಸಿಸ್ಟಂಗೆ ಆ ಕಾಲದಲ್ಲಿ 'ಸೂಪರ್‌ವೈಸರ್' ಎನ್ನುತ್ತಿದ್ದರು. ಸೂಪರ್‌ವೈಸರ್‌ಗಳ ಮೇಲೂ ಒಬ್ಬ ಮೇಸ್ತ್ರಿ ಬೇಕಾದಾಗ ಅವನು ಹೈಪರ್‌ವೈಸರ್ ಆದ.

◆ ವರ್ಚುವಲ್ ಮಷೀನ್ ಬೇರೆ, ಎಮ್ಯುಲೇಟರ್ ಬೇರೆ. ಎಮ್ಯುಲೇಟರ್ ಒಂದೊಂದು ಆದೇಶವನ್ನೂ ಓದಿ, ಅರ್ಥ ಮಾಡಿಕೊಂಡು, ಅನುಕರಿಸುತ್ತದೆ, ಹಾಗಾಗಿ ನಿಧಾನ. ವರ್ಚುವಲ್ ಮಷೀನಿನಲ್ಲಿ ಬಹುಪಾಲು ಆದೇಶಗಳು ನೇರವಾಗಿ ಪ್ರೊಸೆಸರ್ ಮೇಲೇ ಓಡುತ್ತವೆ. ಯಂತ್ರದ ಹಿಡಿತಕ್ಕೆ ಕೈ ಹಾಕುವ ಕೆಲವೇ ಆದೇಶಗಳು ಬಂದಾಗ ಮಾತ್ರ ಪ್ರೊಸೆಸರ್ ತಡೆದು ಹೈಪರ್‌ವೈಸರ್‌ಗೆ ಸುದ್ದಿ ಮುಟ್ಟಿಸಬೇಕು. 1974ರಲ್ಲಿ ಜೆರಾಲ್ಡ್ ಪೊಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಇದನ್ನೇ ಗಣಿತದ ನಿಯಮವಾಗಿ ಬರೆದರು. ಐವತ್ತು ವರ್ಷ ಕಳೆದರೂ ಹೊಸ ಪ್ರೊಸೆಸರ್‌ಗಳನ್ನು ಒರೆಗೆ ಹಚ್ಚಲು ಆ ಪುಟ್ಟ ಲೇಖನವೇ ಸಾಕು. ಕಂಪ್ಯೂಟರ್ ವಿಜ್ಞಾನದಲ್ಲಿ ಇಷ್ಟು ಬಾಳಿಕೆ ಬಂದ ಬರಹಗಳು ವಿರಳ.

◆ ನಮ್ಮ ನಿಮ್ಮ ಮೇಜಿನ ಮೇಲಿದ್ದ ಇಂಟೆಲ್‌ನ ಪೆಂಟಿಯಂ ಈ ಪರೀಕ್ಷೆಯಲ್ಲಿ ಫೇಲಾಗಿತ್ತು! ಅದರ ಸುಮಾರು 250 ಆದೇಶಗಳಲ್ಲಿ 17 ಆದೇಶಗಳು ನಿಯಮ ಮುರಿಯುತ್ತವೆ ಎಂದು ಜಾನ್ ಸ್ಕಾಟ್ ರಾಬಿನ್ ಮತ್ತು ಸಿಂಥಿಯಾ ಅರ್ವಿನ್ 2000ದಲ್ಲಿ ಲೆಕ್ಕ ಕೊಟ್ಟರು.

ಅವುಗಳಲ್ಲಿ 'ಪಾಪ್‌ಎಫ್' ಎಂಬುದರ ಕಥೆ ಕೇಳಿ. ಆಪರೇಟಿಂಗ್ ಸಿಸ್ಟಂ ಹೊರಗಿನ ಅಡಚಣೆಗಳನ್ನು, ಅಂದರೆ ಇಂಟರಪ್ಟ್‌ಗಳನ್ನು, ಸ್ವಲ್ಪ ಹೊತ್ತು ತಡೆದಿಡಲು ಈ ಆದೇಶವನ್ನು ಬಳಸಬಹುದು. ಅಧಿಕಾರ ಇರುವವರು ಬಳಸಿದರೆ ಕೆಲಸ ಆಗುತ್ತದೆ. ಅಧಿಕಾರ ಇಲ್ಲದವರು ಬಳಸಿದರೆ? ಪ್ರೊಸೆಸರ್ ತಪ್ಪು ಎನ್ನುವುದಿಲ್ಲ, ಯಾರಿಗೂ ದೂರು ಕೊಡುವುದಿಲ್ಲ. ತುಟಿ ಪಿಟಕ್ಕೆನ್ನದೆ ಆ ಕೋರಿಕೆಯನ್ನು ಬಿಟ್ಟು ಮುಂದಿನ ಸಾಲಿಗೆ ಹೋಗುತ್ತದೆ. ವರ್ಚುವಲ್ ಮಷೀನಿನ ಒಳಗಿರುವ ಓಎಸ್‌ಗೆ ನಿಜವಾದ ಅಧಿಕಾರ ಇರುವುದಿಲ್ಲ. ಅದು ಇಂಟರಪ್ಟ್ ನಿಂತಿತೆಂದು ನಂಬಿ ಮುಂದುವರಿಯುತ್ತದೆ. ಹೈಪರ್‌ವೈಸರ್‌ಗೆ ಅಂಥದ್ದೊಂದು ಕೋರಿಕೆ ಬಂದದ್ದೇ ಗೊತ್ತಾಗುವುದಿಲ್ಲ. ಎಡವಿದ್ದನ್ನು ಹೇಳದೆ ನುಂಗಿಕೊಳ್ಳುವ ಈ ಮೌನವೇ ಪಿಸಿ ಪ್ರಪಂಚವನ್ನು ವರ್ಷಗಟ್ಟಲೆ ಕಾಡಿತು.

◆ ಹಾಗಂತ ಇಂಟೆಲ್ ಸುಮ್ಮನೇ ಕೂತಿರಲಿಲ್ಲ. 1985ರ 80386 ಚಿಪ್‌ನಲ್ಲಿ ಹಳೆಯ 8086 ಪ್ರೊಸೆಸರನ್ನು ಅಣಕಿಸುವ ವಿಶೇಷ ಸ್ಥಿತಿ ಇತ್ತು. ವಿಂಡೋಸ್‌ನೊಳಗೆ ಹಲವು ಡಾಸ್ ಕಿಟಕಿಗಳನ್ನು ಒಟ್ಟಿಗೆ ತೆರೆಯಲು ಆದದ್ದು ಅದರಿಂದಲೇ. ಆದರೆ ಸ್ವತಃ 386ಅನ್ನು ಪೂರ್ತಿಯಾಗಿ ನಕಲು ಮಾಡುವ ಏರ್ಪಾಡು ಅದರಲ್ಲಿರಲಿಲ್ಲ.

◆ 1998ರಲ್ಲಿ ಐವರು ಸೇರಿ ವಿಎಂವೇರ್ ಕಟ್ಟಿದರು. ಮೆಂಡೆಲ್ ರೋಸೆನ್‌ಬ್ಲಮ್, ಡಯಾನ್ ಗ್ರೀನ್ ಅವರಲ್ಲಿ ಇಬ್ಬರು. ಮರುವರ್ಷವೇ ಸಾಮಾನ್ಯ ಪಿಸಿಯಲ್ಲಿ ಓಡುವ ವರ್ಚುವಲ್ ಮಷೀನ್ ಮಾರುಕಟ್ಟೆಗೆ ಬಂತು. ಪ್ರೊಸೆಸರ್ ಮಾತಾಡದಿದ್ದರೆ ಏನಂತೆ, ಒಳಗಿನ ಓಎಸ್‌ನ ಕರ್ನಲ್ ಸಾಲುಗಳು ಓಡುವ ಮುಂಚೆಯೇ ಅವನ್ನು ಶೋಧಿಸಿ, ತಂಟೆಯ ಆದೇಶಗಳನ್ನು ಹೆಕ್ಕಿ, ಬದಲಿಗೆ ಸುರಕ್ಷಿತ ಸಾಲುಗಳನ್ನು ಹೊಸೆದು ಕೊಡುವುದು ಅವರ ಉಪಾಯ. ಸಾಫ್ಟ್‌ವೇರ್ ಜಾಣ್ಮೆಗೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

◆ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ 'ಝೆನ್' ತಂಡ 2003ರಲ್ಲಿ ಬೇರೊಂದು ದಾರಿ ಹಿಡಿಯಿತು: ಒಳಗಿನ ಓಎಸ್ ಅನ್ನೇ ತಿದ್ದಿ, 'ನೀನಿರುವುದು ವರ್ಚುವಲ್ ಮಷೀನಿನಲ್ಲಿ' ಎಂದು ಅದಕ್ಕೆ ಹೇಳಿಬಿಡುವುದು. ವೇಗವೇನೋ ಸಿಕ್ಕಿತು. ಆದರೆ ಓಎಸ್‌ನ ಮೂಲ ಸಾಲುಗಳು ಕೈಯಲ್ಲಿ ಇರಬೇಕಲ್ಲ?

◆ 2005ರ ನವೆಂಬರ್‌ನಲ್ಲಿ ಇಂಟೆಲ್ ಎರಡು ಪೆಂಟಿಯಂ 4 ಮಾದರಿಗಳಲ್ಲಿ ವಿಟಿ-ಎಕ್ಸ್ ಎಂಬ ಹಾರ್ಡ್‌ವೇರ್ ನೆರವು ಕೊಟ್ಟಿತು. 2006ರ ಮೇನಲ್ಲಿ ಎಎಂಡಿಯ ಎಎಂಡಿ-ವಿ ಬಂತು. ಒಳಗಿನ ಓಎಸ್‌ಗೆ ತನ್ನ ಹಳೆಯ ಗದ್ದುಗೆ ಮರಳಿ ಸಿಕ್ಕಿತು, ಆದರೆ ಬೇಲಿ ಹಾಕಿದ ಬೇರೊಂದು ಅಂಗಳದಲ್ಲಿ. ಬೇಲಿ ದಾಟುವ ಕೆಲಸಕ್ಕೆ ಕೈ ಹಾಕಿದರೆ ಪ್ರೊಸೆಸರ್ ಅದರ ಸ್ಥಿತಿಯನ್ನು ಮೆಮೊರಿಯ ಒಂದು ಕಡತದಲ್ಲಿ ಬರೆದಿಟ್ಟು ಹೈಪರ್‌ವೈಸರನ್ನು ಎಬ್ಬಿಸುತ್ತದೆ. ಈ ನೆಗೆತಕ್ಕೆ 'ವಿಎಂ ಎಕ್ಸಿಟ್' ಎಂದು ಹೆಸರು.

◆ ಹಾರ್ಡ್‌ವೇರ್ ಬಂದ ಕೂಡಲೇ ಎಲ್ಲ ವೇಗವಾಯಿತೇ? ಇಲ್ಲ! 2006ರಲ್ಲಿ ವಿಎಂವೇರ್‌ನ ಕೀತ್ ಆಡಮ್ಸ್ ಮತ್ತು ಓಲೆ ಆಗೆಸೆನ್ ಎರಡನ್ನೂ ತೂಗಿ ನೋಡಿದರು. ಹಲವು ಕೆಲಸಗಳಲ್ಲಿ ಹಳೆಯ ಸಾಫ್ಟ್‌ವೇರ್ ಉಪಾಯವೇ ಹೊಸ ಚಿಪ್‌ಗಿಂತ ಮುಂದಿತ್ತು. ಕಾರಣ ಸರಳ. ಒಂದೊಂದು ಎಕ್ಸಿಟ್‌ಗೂ ಪ್ರೊಸೆಸರ್‌ನ ಸಾವಿರಾರು ಮಿಡಿತಗಳು ಖರ್ಚಾಗುತ್ತಿದ್ದವು. ಮೆಮೊರಿ ವಿಳಾಸಗಳ ಪಟ್ಟಿಯನ್ನು ಪದೇ ಪದೇ ತಿದ್ದುವ ಕೆಲಸಗಳಲ್ಲಂತೂ ಎಕ್ಸಿಟ್‌ಗಳ ಸುರಿಮಳೆ.

◆ ಆ ಮಳೆ ನಿಲ್ಲಿಸಿದ್ದು ಎರಡನೇ ಪೀಳಿಗೆಯ ನೆರವು. ಒಳಗಿನ ಓಎಸ್ 'ಇದು ನನ್ನ ಮೆಮೊರಿ' ಎಂದುಕೊಳ್ಳುವ ವಿಳಾಸ ನಿಜವಾದ ವಿಳಾಸವಲ್ಲ. ಅದನ್ನು ಇನ್ನೊಮ್ಮೆ ಬದಲಿಸಬೇಕು. ಮೊದಲು ಹೈಪರ್‌ವೈಸರ್ ಇದಕ್ಕಾಗಿ ಗುಟ್ಟಾಗಿ ಒಂದು ನೆರಳು ಪಟ್ಟಿ ಇಟ್ಟುಕೊಳ್ಳುತ್ತಿತ್ತು. ಎಎಂಡಿ 2007ರ ಬಾರ್ಸಿಲೋನಾ ಚಿಪ್‌ನಲ್ಲಿ, ಇಂಟೆಲ್ 2008ರ ನೆಹಾಲೆಮ್‌ನಲ್ಲಿ ಒಳಗಿನ ಓಎಸ್‌ನ ಪಟ್ಟಿ, ಹೈಪರ್‌ವೈಸರ್‌ನ ಪಟ್ಟಿ ಎರಡನ್ನೂ ಪ್ರೊಸೆಸರೇ ಓದುವಂತೆ ಮಾಡಿದವು.

ಇದಕ್ಕೊಂದು ಬೆಲೆ ಇದೆ. ಸಾಮಾನ್ಯ ಯಂತ್ರದಲ್ಲಿ ಈ ವಿಳಾಸ ಪಟ್ಟಿಗೆ, ಅಂದರೆ ಪೇಜ್ ಟೇಬಲ್‌ಗೆ, ನಾಲ್ಕು ಮೆಟ್ಟಿಲು. ಹೆಚ್ಚೆಂದರೆ 4 ಸಲ ಮೆಮೊರಿ ನೋಡಿದರೆ ವಿಳಾಸ ಸಿಗುತ್ತದೆ. ವರ್ಚುವಲ್ ಮಷೀನಿನಲ್ಲಿ ಒಳಗಿನ ಒಂದು ಮೆಟ್ಟಿಲು ಎಲ್ಲಿದೆ ಎಂದು ತಿಳಿಯುವುದಕ್ಕೇ ಹೊರಗಿನ ನಾಲ್ಕು ಮೆಟ್ಟಿಲು ಹತ್ತಬೇಕು, ಆಮೇಲೆ ಅದನ್ನು ಓದಬೇಕು. ಒಂದಕ್ಕೆ ಐದರಂತೆ ನಾಲ್ಕಕ್ಕೆ 20, ಕೊನೆಯ ವಿಳಾಸಕ್ಕೆ ಮತ್ತೆ 4. ಒಟ್ಟು 24! ಇಷ್ಟಾದರೂ ಇದೇ ಲಾಭ. ಒಮ್ಮೆ ಹುಡುಕಿದ ವಿಳಾಸವನ್ನು ಪ್ರೊಸೆಸರ್ ತನ್ನ ಟಿಎಲ್‌ಬಿ ಎಂಬ ಕಿರುನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. 24 ಮೆಟ್ಟಿಲು ಹತ್ತುವ ಪ್ರಸಂಗ ಆಗೊಮ್ಮೆ ಈಗೊಮ್ಮೆ ಮಾತ್ರ.

◆ ಆ ಕಿರುನೆನಪಿಗೂ ಈಗ ಹೆಸರಿನ ಚೀಟಿ ಉಂಟು. ಯಾವ ವಿಳಾಸ ಯಾವ ಮಷೀನಿನದು ಎಂದು ಅಂಟಿಸಿರುವುದರಿಂದ ಮಷೀನ್ ಬದಲಾದಾಗಲೆಲ್ಲ ಎಲ್ಲವನ್ನೂ ಅಳಿಸಬೇಕಾಗಿಲ್ಲ.

◆ ಲಿನಕ್ಸ್‌ನೊಳಗೇ ಇರುವ ಹೈಪರ್‌ವೈಸರ್ 'ಕೆವಿಎಂ' 2007ರ ಫೆಬ್ರವರಿಯಲ್ಲಿ 2.6.20 ಆವೃತ್ತಿಯೊಂದಿಗೆ ಬಂತು. ಪಿಸಿಗಳ ಮೇಲೆ ವಿಟಿ-ಎಕ್ಸ್ ಅಥವಾ ಎಎಂಡಿ-ವಿ ಇಲ್ಲದೆ ಅದು ನಡೆಯುವುದೇ ಇಲ್ಲ. ಕಷ್ಟದ ಕೆಲಸ ಚಿಪ್ ಹೊತ್ತದ್ದರಿಂದಲೇ ಅದು ಅಷ್ಟು ಪುಟ್ಟದಾಗಿ ಹುಟ್ಟಿತು.

◆ ಪ್ರೊಸೆಸರ್ ಒಂದನ್ನೇ ಕಾದರೆ ಸಾಲದು. ನೆಟ್‌ವರ್ಕ್ ಕಾರ್ಡ್, ಡಿಸ್ಕ್ ಮುಂತಾದವು ಪ್ರೊಸೆಸರನ್ನು ಕೇಳದೆ ನೇರವಾಗಿ ಮೆಮೊರಿಗೆ ಬರೆಯಬಲ್ಲವು. ಒಂದು ವರ್ಚುವಲ್ ಮಷೀನಿಗೆ ಕಾರ್ಡನ್ನು ಒಪ್ಪಿಸಿದರೆ ಅದರ ಮೂಲಕ ಪಕ್ಕದ ಮಷೀನಿನ ಮೆಮೊರಿಗೂ ಕೈ ಹಾಕಬಹುದು. ಈ ಬಾಗಿಲು ಕಾಯುವುದಕ್ಕೆ ಐಒಎಂಎಂಯು ಎಂಬ ಘಟಕವಿದೆ; ಇಂಟೆಲ್‌ನಲ್ಲಿ ಅದಕ್ಕೆ ವಿಟಿ-ಡಿ ಎಂದು ಹೆಸರು.

◆ 2006ರಲ್ಲಿ ಪೋಲೆಂಡಿನ ಸಂಶೋಧಕಿ ಯೊಆನ್ನಾ ರುಟ್ಕೋವ್ಸ್ಕಾ 'ಬ್ಲೂ ಪಿಲ್' ತೋರಿಸಿ ಬೆಚ್ಚಿಬೀಳಿಸಿದರು. ಓಡುತ್ತಿರುವ ವಿಂಡೋಸ್‌ಗೆ ಅರಿವಿಲ್ಲದಂತೆ ಅದನ್ನೇ ವರ್ಚುವಲ್ ಮಷೀನಿನೊಳಗೆ ತಳ್ಳಿ, ಮೇಲೆ ಗುಪ್ತ ಹೈಪರ್‌ವೈಸರ್ ಕೂರಿಸುವ ತಂತ್ರ ಅದು. ಬಳಸಿದ್ದು ಎಎಂಡಿಯ ಹೊಸ ನೆರವನ್ನೇ.

◆ ಮನೆ ಬಾಡಿಗೆಗೆ ಕೊಟ್ಟ ಮಾಲೀಕನೇ ಇಣುಕಿದರೆ? ಕ್ಲೌಡ್‌ನಲ್ಲಿ ಇದು ನಿಜವಾದ ಆತಂಕ. ಎಎಂಡಿ 2017ರ ಎಪಿಕ್ ಪ್ರೊಸೆಸರ್‌ಗಳಲ್ಲಿ ಒಂದೊಂದು ಮಷೀನಿನ ಮೆಮೊರಿಗೂ ಬೇರೆ ಬೇರೆ ಬೀಗದ ಕೈ ಕೊಟ್ಟಿತು. ಮೆಮೊರಿ ಗೂಢಲಿಪಿಯಲ್ಲಿ ಇರುವುದರಿಂದ ಹೈಪರ್‌ವೈಸರ್ ಇಣುಕಿದರೂ ಅದಕ್ಕೆ ಅರ್ಥವಾಗುವುದಿಲ್ಲ. ಬೀಗ ಒಡೆಯುವ ದಾರಿಗಳನ್ನೂ ಸಂಶೋಧಕರು ತೋರಿಸುತ್ತಲೇ ಬಂದಿದ್ದಾರೆ, ಅವನ್ನು ಮುಚ್ಚುವ ಕೆಲಸವೂ ನಡೆದಿದೆ.

◆ ಮೊಬೈಲ್‌ಗಳ ಆರ್ಮ್ ಪ್ರೊಸೆಸರ್‌ಗಳಲ್ಲೂ ಹೈಪರ್‌ವೈಸರ್‌ಗೆ ಪ್ರತ್ಯೇಕ ಅಂತಸ್ತು ಇದೆ. ಮುಕ್ತ ವಿನ್ಯಾಸವಾದ ರಿಸ್ಕ್-ಫೈವ್‌ಗೆ ಈ ನೆರವಿನ ವಿಸ್ತರಣೆ 2021ರಲ್ಲಿ ಅಂತಿಮಗೊಂಡಿತು.

◆ ಅಮೆಜಾನ್ 2018ರಲ್ಲಿ ಹೊರತಂದ ಫೈರ್‌ಕ್ರ್ಯಾಕರ್, ಕೆವಿಎಂ ನೆರವಿನಿಂದ ಒಂದು ಪುಟ್ಟ ವರ್ಚುವಲ್ ಮಷೀನನ್ನು ಎಬ್ಬಿಸಲು ತೆಗೆದುಕೊಳ್ಳುವ ಸಮಯ ಸುಮಾರು 125 ಮಿಲಿಸೆಕೆಂಡ್. ಸೆಕೆಂಡಿನ ಎಂಟನೇ ಒಂದು ಭಾಗ!

◆ ಕೊನೆಯದು, ಓದುತ್ತಿರುವ ಮಕ್ಕಳಿರುವ ಮನೆಗಳಿಗೆ. ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್ ಮಷೀನ್ ಹಾಕಿ ಲಿನಕ್ಸ್ ಕಲಿಯಲು ಹೊರಟರೆ 'ಆಗುವುದಿಲ್ಲ' ಎನ್ನುತ್ತದೆಯೇ? ಹೊಸ ಯಂತ್ರ ಕೊಳ್ಳುವ ಯೋಚನೆಗೆ ಮುಂಚೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಆರಿಸಿದರೆ 'ವರ್ಚುವಲೈಸೇಷನ್' ಎಂಬ ಸಾಲು ಕಾಣುತ್ತದೆ. ಅಲ್ಲಿ 'ಡಿಸೇಬಲ್ಡ್' ಎಂದಿದ್ದರೆ ಈ ಶಕ್ತಿ ಚಿಪ್‌ನಲ್ಲಿದ್ದೂ ಮಲಗಿದೆ ಎಂದರ್ಥ. ಬಯಾಸ್‌ಗೆ ಹೋಗಿ, ಇಂಟೆಲ್ ಯಂತ್ರವಾದರೆ 'ವಿಟಿ-ಎಕ್ಸ್', ಎಎಂಡಿ ಆದರೆ 'ಎಸ್‌ವಿಎಂ' ಎಂಬ ಆಯ್ಕೆಯನ್ನು ಹುಡುಕಿ ಆನ್ ಮಾಡಿ. ಇವತ್ತೇ ಒಮ್ಮೆ ನೋಡಿಬಿಡಿ.