ಮಿದುಳಿನ ಸಾಕ್ಷ್ಯವೂ ಮೌನದ ಅಧಿಕಾರವೂ

ಮನುಷ್ಯನು ಬಾಯಿ ತೆರೆಯದೆ ಕುಳಿತಿರುವಾಗ ಅವನ ಮಿದುಳಿನಲ್ಲಿ ಏಳುವ ವಿದ್ಯುತ್ತರಂಗವು ಅವನ ಮಾತೆಂದೆಣಿಸತಕ್ಕುದೋ, ಬೆರಳಿನ ಗುರುತಿನಂತೆ ದೇಹದ ಲಕ್ಷಣವೆಂದೆಣಿಸತಕ್ಕುದೋ? ಮೇಲುನೋಟಕ್ಕೆ ತಾರ್ಕಿಕರ ವಿನೋದವಾಗಿ ತೋರುವ ಈ ಪ್ರಶ್ನೆಯು ಕರ್ನಾಟಕದಿಂದ ಹೊರಟ ಒಂದು ವ್ಯಾಜ್ಯದ ಮೂಲಕ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿ, 2010ನೆಯ ಇಸವಿ ಮೇ 5ರಂದು ತೀರ್ಮಾನವಾಯಿತು. ಸೆಲ್ವಿ ಮತ್ತು ಕರ್ನಾಟಕ ರಾಜ್ಯ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಗಿದೆ.

ಅಲ್ಲಿ ಚರ್ಚೆಗೆ ಬಂದ ಪರೀಕ್ಷೆಗಳು ಮೂರು. ಸೋಡಿಯಂ ಪೆಂಟೊಥಾಲ್ ಎಂಬ ಔಷಧದಿಂದ ಅರೆಮಂಪರು ಬರಿಸಿ ಪ್ರಶ್ನಿಸುವುದು ಒಂದು. ನಾಡಿ, ಉಸಿರು, ಬೆವರುಗಳ ವ್ಯತ್ಯಾಸದಿಂದ ಸುಳ್ಳನ್ನು ಹಿಡಿಯಲೆಳಸುವುದು ಮತ್ತೊಂದು. ಮೂರನೆಯದು ಮಿದುಳಿಗೇ ಸೇರಿದುದು. ಅರ್ಥವುಳ್ಳ ವಸ್ತುವೊಂದು ಅಪರೂಪವಾಗಿ ಎದುರಾದಾಗ ಸುಮಾರು 300 ಮಿಲಿಸೆಕೆಂಡುಗಳ ಮೇಲೆ ಮಿದುಳಿನಲ್ಲಿ ಒಂದು ತರಂಗವೇಳುವುದೆಂಬುದು 1965ರಿಂದ ವಿದ್ವಾಂಸರಿಗೆ ತಿಳಿದ ಸಂಗತಿ. ಇದನ್ನು ಅಪರಾಧ ಶೋಧನೆಗೆ ಹೂಡಿದವರು ಅಮೆರಿಕದ ಫಾರ್ವೆಲ್. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಹಿಂದೆ ಕೆಲಸಮಾಡಿದ್ದ ಮುಕುಂದನ್ ಅವರು ಇನ್ನೂ ಮುಂದುವರಿದು, ಬರಿಯ ತಿಳಿವನ್ನೂ ಸ್ವಂತ ಅನುಭವವನ್ನೂ ಬೇರ್ಪಡಿಸಿ ತೋರಿಸುವುದೆನ್ನಲಾದ ಕ್ರಮವೊಂದನ್ನು ರಚಿಸಿದರು.

ಈ ಕ್ರಮದಲ್ಲಿ ಆರೋಪಿಯು ಉತ್ತರ ಕೊಡಬೇಕಾಗಿಲ್ಲ. ಕೇಳಿಸುವ ವಾಕ್ಯಗಳನ್ನು ಸುಮ್ಮನೆ ಆಲಿಸಿದರೆ ಸಾಕು. ಸಾಹಿತ್ಯದ ಅಧ್ಯಾಪಕರು ಗಮನಿಸತಕ್ಕ ವಿಷಯವೆಂದರೆ, ಕೃತ್ಯವನ್ನು ವರ್ಣಿಸುವ ಆ ವಾಕ್ಯಗಳು ಉತ್ತಮಪುರುಷದಲ್ಲಿ ರಚಿತವಾಗುವುವು. "ನಾನು" ಎಂಬುದು ಆರೋಪಿಯದು, ರಚನೆ ಪರರದು. ಮನೆಯಲ್ಲಿ ತೆಲುಗನ್ನೂ ಸಂತೆಯಲ್ಲಿ ಕನ್ನಡವನ್ನೂ ಆಡುವ ತೊಂಡೇಬಾವಿ, ಗೌರೀಬಿದನೂರು ಕಡೆಯ ಒಬ್ಬ ಕೂಲಿಗಾರನ ನೆನಪು ಯಾವ ನುಡಿಯ "ನಾನು" ಎಂಬುದಕ್ಕೆ ಓಗೊಡಬೇಕು? ಕೃತ್ಯದ ವೃತ್ತಾಂತವನ್ನು ಪೊಲೀಸರಿಂದಲೇ ಹತ್ತಾರು ಸಲ ಕೇಳಿದವನಲ್ಲಿ ತಿಳಿವೂ ಅನುಭವವೂ ಬೆರೆಯದೆ ಉಳಿದಾವೆ? ಇಷ್ಟಾಗಿಯೂ 2008ರಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆಯ ಮೊಕದ್ದಮೆಯಲ್ಲಿ ಶಿಕ್ಷೆ ವಿಧಿಸುವಾಗ ಇಂತಹ ಪರೀಕ್ಷೆಯ ಫಲವನ್ನೂ ಆಧಾರವಾಗಿ ತೆಗೆದುಕೊಂಡಿತು.

ಪರೀಕ್ಷೆಯು ನಂಬತಕ್ಕುದಲ್ಲವೆಂದು ಮಾತ್ರ ಹೇಳಿ ಸುಮ್ಮನಾಗುವವರುಂಟು. ಆ ವಾದ ಸಾಲದು. ನಾಳೆ ಯಂತ್ರವು ಸುಧಾರಿಸಿದರೆ ಅದು ಬಿದ್ದುಹೋಗುವುದು. ಸೆಲ್ವಿ ತೀರ್ಪಿನ ಹಿರಿಮೆ ಇರುವುದು ಇಲ್ಲಿಯೇ. ಬೆರಳಚ್ಚನ್ನೂ ಕೈಬರಹವನ್ನೂ ಕೊಡುವುದು ತನ್ನ ಮೇಲೆ ತಾನೇ ಸಾಕ್ಷಿ ನುಡಿದಂತಾಗದೆಂದು 1961ರಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠವು ಹೇಳಿದ್ದಿತು. ಮಿದುಳಿನ ತರಂಗವನ್ನೂ ಅದೇ ಸಾಲಿಗೆ ಸೇರಿಸಬೇಕೆಂಬ ವಾದವನ್ನು 2010ರ ಪೀಠವು ಒಪ್ಪಲಿಲ್ಲ. ಬೆರಳಚ್ಚು ಮತ್ತೊಂದರೊಡನೆ ಹೋಲಿಸಿ ನೋಡುವುದಕ್ಕೆ ಮಾತ್ರ ಒದಗುವುದು. ಈ ತರಂಗದಿಂದ ಹೊರಬೀಳುವುದಾದರೋ ಆ ವ್ಯಕ್ತಿಯೊಬ್ಬನೇ ಬಲ್ಲ ಅರಿವು. ಆದುದರಿಂದ ತುಟಿ ಅಲುಗದಿದ್ದರೂ ಅದು ಸಾಕ್ಷ್ಯವೇ. ಬಲಾತ್ಕಾರದಿಂದ ಪಡೆದರೆ ಸಂವಿಧಾನದ 20(3) ಮತ್ತು 21ನೆಯ ಅನುಚ್ಛೇದಗಳಿಗೆ ವಿರುದ್ಧವೆಂದು ತೀರ್ಮಾನವಾಯಿತು.

ಆದರೆ ಒಪ್ಪಿಗೆಯ ಬಾಗಿಲು ತೆರೆದೇ ಉಳಿಯಿತು. ವಕೀಲರ ನೆರವಿನೊಡನೆ ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿದವನನ್ನು ಪರೀಕ್ಷಿಸಬಹುದು. ಪರೀಕ್ಷೆಯ ಫಲವು ತಾನಾಗಿ ಸಾಕ್ಷ್ಯವಾಗದಿದ್ದರೂ, ಅದರ ನೆರವಿನಿಂದ ಮುಂದೆ ದೊರೆತ ವಸ್ತು ಸಾಕ್ಷ್ಯವಾಗಬಹುದು. ಬಂಧನದಲ್ಲಿರುವವನು, ಒಲ್ಲೆನೆಂದರೆ ಸಂಶಯ ಬಲಿಯುವುದೆಂದು ಅಂಜುವವನು, ಕೊಡುವ ಒಪ್ಪಿಗೆಯಲ್ಲಿ ಸ್ವೇಚ್ಛೆಯ ಪಾಲೆಷ್ಟು? 2025ರಲ್ಲಿ ಬಿಹಾರದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಸೆಲ್ವಿ ತೀರ್ಪನ್ನೇ ಎತ್ತಿಹಿಡಿದು, ಆರೋಪಿಯು ತಾನಾಗಿ ಬೇಡಿದರೂ ಔಷಧದ ಪರೀಕ್ಷೆಯು ಅವನಿಗೆ ನಿರಂಕುಶವಾದ ಹಕ್ಕಲ್ಲವೆಂದಿತು. ಒಪ್ಪಿಗೆಯು ನಿಜವಾದುದೇ ಎಂಬುದನ್ನು ಆಯಾ ನ್ಯಾಯಾಧೀಶರೇ ವಿಚಾರಿಸಿ ನೋಡಬೇಕಾಗಿದೆ.